ಹೆಪ್ಪು ಕಟ್ಟಲು ಎಷ್ಟು ಹೊತ್ತು? ಪಿಟಿ-ಐಎನ್‌ಆರ್ ಚೀಟಿ ಏನು ಹೇಳುತ್ತದೆ

ನಮ್ಮ ಚಿಕ್ಕಮ್ಮನ ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಬಂದ ತಾರೀಕಿನ ಜೊತೆಗೆ ಕೆಂಪು ಪೆನ್ನಿನ ಅಂಕಿಗಳೂ ಇರುತ್ತವೆ. 2.7, 3.1, 2.6, 2.9. ತಿಂಗಳಿಗೊಂದು. ಅವರ ಹೃದಯದ ಮೈಟ್ರಲ್ ವಾಲ್ವ್ ತೆಗೆದು ಲೋಹದ ವಾಲ್ವ್ ಹಾಕಿ ಹನ್ನೊಂದು ವರ್ಷವಾಯಿತು. ರಾತ್ರಿ ಮನೆಯ ಸದ್ದೆಲ್ಲ ಅಡಗಿದ ಮೇಲೆ ಪಕ್ಕದಲ್ಲಿ ಕೂತರೆ ಅದರ ಟಿಕ್ ಟಿಕ್ ಕಿವಿಗೆ ಬೀಳುತ್ತದೆ. ಅದು ಹೀಗೆ ಸಲೀಸಾಗಿ ಆಡುತ್ತಿರಬೇಕಾದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟಬಾರದು. ಅದಕ್ಕಾಗಿ ದಿನವೂ ಸಂಜೆ ಒಂದು ಪುಟ್ಟ ಮಾತ್ರೆ. ಆ ಮಾತ್ರೆ ಎಷ್ಟು ಕೆಲಸ ಮಾಡುತ್ತಿದೆ ಅಂತ ನೋಡಲು ಪಿಟಿ-ಐಎನ್‌ಆರ್ ಎಂಬ ರಕ್ತಪರೀಕ್ಷೆ.

ಇಷ್ಟು ವರ್ಷ ಅವರ ಜೊತೆ ಲ್ಯಾಬ್‌ಗೆ ಓಡಾಡಿದ್ದೇನೆ. ಸರದಿಯಲ್ಲಿ ಕೂತವರನ್ನು ಮಾತಾಡಿಸಿದ್ದೇನೆ. ಬಹಳ ಜನರಿಗೆ ತಮ್ಮ ಅಂಕಿ ಗೊತ್ತಿರುತ್ತದೆ, ಆ ಅಂಕಿ ಏನನ್ನು ಅಳೆಯುತ್ತದೆ ಅನ್ನೋದು ಗೊತ್ತಿರುವುದಿಲ್ಲ. ಹೇಳಿಕೊಟ್ಟವರೂ ಇಲ್ಲ. ಅದು ಗೊತ್ತಿಲ್ಲದೆ ಈ ಮಾತ್ರೆಯನ್ನು ವರ್ಷಗಟ್ಟಲೆ ನಿಭಾಯಿಸುವುದು ಕಷ್ಟ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಎಲ್ಲರೂ ಇದನ್ನು "ರಕ್ತ ತೆಳು ಮಾಡೋ ಮಾತ್ರೆ" ಅನ್ನುತ್ತಾರೆ. ರಕ್ತ ತೆಳುವಾಗುವುದೇ ಇಲ್ಲ. ಮಜ್ಜಿಗೆಗೆ ನೀರು ಬೆರೆಸಿದಂತಲ್ಲ ಇದು. ರಕ್ತ ಎಷ್ಟು ಗಟ್ಟಿಯಿತ್ತೋ ಅಷ್ಟೇ ಇರುತ್ತದೆ, ಹೆಪ್ಪುಗಟ್ಟಲು ತೆಗೆದುಕೊಳ್ಳುವ ಸಮಯ ಮಾತ್ರ ಜಾಸ್ತಿಯಾಗುತ್ತದೆ.

ಇನ್ನೊಂದು ಗೊಂದಲವೂ ಇದೆ. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಮಾತ್ರೆಗಳಿಗೂ ಜನ ಇದೇ ಹೆಸರು ಹೇಳುತ್ತಾರೆ. ಅವು ರಕ್ತದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ನೋಡಿಕೊಳ್ಳುತ್ತವೆ. ಅವುಗಳಿಗೆ ಐಎನ್‌ಆರ್ ಪರೀಕ್ಷೆ ಬೇಕಿಲ್ಲ. ನಾನು ಇಲ್ಲಿ ಹೇಳುತ್ತಿರುವುದು ವಾರ್ಫರಿನ್ ಮತ್ತು ಅಸೆನೊಕೌಮರಾಲ್ ಬಗ್ಗೆ. ನಮ್ಮ ಕಡೆ ವಾಲ್ವ್ ಆಪರೇಷನ್ ಆದ ಎಷ್ಟೋ ಜನರ ಕೈಯಲ್ಲಿ ಇರುವುದು ಅಸೆನೊಕೌಮರಾಲ್, ಅಂಗಡಿಯಲ್ಲಿ ಅಸಿಟ್ರಾಮ್ ಅಂತ ಕೇಳಿ ತರುವ ಮಾತ್ರೆ.

ಹುಲ್ಲು ತಿಂದ ಹಸುಗಳಿಂದ ಬಂದ ಮಾತ್ರೆ

1920ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕದ ಉತ್ತರ ಭಾಗದ ರೈತರ ಹಸುಗಳು ಸಣ್ಣ ಗಾಯಕ್ಕೂ ರಕ್ತ ನಿಲ್ಲದೆ ಸಾಯತೊಡಗಿದವು. ಕೊಂಬು ಕತ್ತರಿಸಿದರೂ ಸಾವು, ಬೀಜ ಒಡೆದರೂ ಸಾವು. ಸ್ವೀಟ್ ಕ್ಲೋವರ್ ಎಂಬ ಮೇವಿನ ಹುಲ್ಲು ಒದ್ದೆಯಾಗಿ ಬೂಷ್ಟು ಹಿಡಿದಿರುತ್ತಿತ್ತು, ಅದನ್ನು ತಿಂದ ದನಗಳಿಗೆ ಹೀಗಾಗುತ್ತಿತ್ತು. 1933ರ ಫೆಬ್ರವರಿಯಲ್ಲಿ ಎಡ್ ಕಾರ್ಲ್‌ಸನ್ ಎಂಬ ರೈತ ಹಿಮಗಾಳಿಯಲ್ಲಿ ಸುಮಾರು 300 ಕಿಲೋಮೀಟರ್ ಗಾಡಿ ಓಡಿಸಿಕೊಂಡು ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಬಂದ. ಸತ್ತ ಕಡಸು, ಹಾಳಾದ ಹುಲ್ಲು, ಜೊತೆಗೆ ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತ. ಅದನ್ನೆಲ್ಲ ನೋಡಿದ್ದು ರಸಾಯನ ವಿಜ್ಞಾನಿ ಕಾರ್ಲ್ ಪಾಲ್ ಲಿಂಕ್. ಆರು ವರ್ಷ ಹುಡುಕಿದ ಮೇಲೆ, 1939ರಲ್ಲಿ, ಅವರ ತಂಡಕ್ಕೆ ಡೈಕೌಮರಾಲ್ ಎಂಬ ವಸ್ತು ಸಿಕ್ಕಿತು. ಅದೇ ಜಾತಿಯ ಇನ್ನೊಂದು ವಸ್ತು ವಾರ್ಫರಿನ್. 1948ರಲ್ಲಿ ಅದು ಮಾರುಕಟ್ಟೆಗೆ ಬಂದದ್ದು ಇಲಿ ಪಾಷಾಣವಾಗಿ. ಮನುಷ್ಯರಿಗೆ ಕೊಡಲು ಒಪ್ಪಿಗೆ ಸಿಕ್ಕಿದ್ದು 1954ರಲ್ಲಿ. ಮರುವರ್ಷ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೆ ಹೃದಯಾಘಾತವಾದಾಗ ಅವರಿಗೂ ಅದನ್ನೇ ಕೊಟ್ಟರು.

ಇಲಿ ಪಾಷಾಣ ಅನ್ನೋ ಮಾತು ಕೇಳಿ ಯಾರೂ ಮಾತ್ರೆ ಬಿಡಬೇಡಿ. ಇಲಿಗೂ ಮನುಷ್ಯನಿಗೂ ಇರುವ ವ್ಯತ್ಯಾಸ ಅಳತೆಯದು. ಆ ಅಳತೆಗಾಗಿಯೇ ಈ ಪರೀಕ್ಷೆ ಇರುವುದು.

ಮಾತ್ರೆ ಕೆಲಸ ಮಾಡುವುದು ಲಿವರ್‌ನಲ್ಲಿ. ರಕ್ತ ಹೆಪ್ಪುಗಟ್ಟಲು ಬೇಕಾದ ಹತ್ತಾರು ಪ್ರೋಟೀನುಗಳಲ್ಲಿ 2, 7, 9, 10 ಎಂಬ ನಂಬರಿನ ನಾಲ್ಕನ್ನು ಸರಿಯಾಗಿ ತಯಾರಿಸಲು ಲಿವರ್‌ಗೆ ವಿಟಮಿನ್ ಕೆ ಬೇಕು. ಒಮ್ಮೆ ಬಳಸಿದ ವಿಟಮಿನ್ ಕೆಯನ್ನು ಲಿವರ್ ಎಸೆಯುವುದಿಲ್ಲ, ದುರಸ್ತಿ ಮಾಡಿ ಮತ್ತೆ ಬಳಸುತ್ತದೆ. ಮಾತ್ರೆ ಈ ದುರಸ್ತಿಯನ್ನು ತಡೆಯುತ್ತದೆ. ಆಗ ಆ ನಾಲ್ಕು ಪ್ರೋಟೀನುಗಳು ಅರೆಬರೆಯಾಗಿ ತಯಾರಾಗುತ್ತವೆ, ಹೆಪ್ಪು ಕಟ್ಟುವುದು ನಿಧಾನವಾಗುತ್ತದೆ.

ಲ್ಯಾಬ್‌ನಲ್ಲಿ ಹಾಕುವ ಹೆಪ್ಪು

ಕನ್ನಡದಲ್ಲಿ ನಾವು ರಕ್ತಕ್ಕೂ ಹಾಲಿಗೂ ಒಂದೇ ಮಾತು ಬಳಸುತ್ತೇವೆ, ಅಲ್ವಾ? ಹಾಲಿಗೆ ಹೆಪ್ಪು ಹಾಕುತ್ತೇವೆ, ರಕ್ತ ಹೆಪ್ಪುಗಟ್ಟುತ್ತದೆ. ಲ್ಯಾಬ್‌ನವರು ಮಾಡುವುದೂ ಹೆಚ್ಚುಕಡಿಮೆ ಅದೇ ಕೆಲಸ.

ರಕ್ತ ತೆಗೆಯುವಾಗ ಗಮನಿಸಿ. ಈ ಪರೀಕ್ಷೆಗೆ ನೀಲಿ ಮುಚ್ಚಳದ ಟ್ಯೂಬ್ ಬಳಸುತ್ತಾರೆ. ಅದರ ತಳದಲ್ಲಿ ಮೊದಲೇ ಸ್ವಲ್ಪ ನೀರಿನಂಥ ದ್ರವ ಇರುತ್ತದೆ, ಸೋಡಿಯಂ ಸಿಟ್ರೇಟ್. ಹೆಪ್ಪುಗಟ್ಟಲು ಕ್ಯಾಲ್ಸಿಯಂ ಬೇಕೇ ಬೇಕು. ಸಿಟ್ರೇಟ್ ಆ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ರಕ್ತ ಟ್ಯೂಬ್‌ನಲ್ಲಿ ಹಾಗೇ ಉಳಿಯುತ್ತದೆ. 9 ಪಾಲು ರಕ್ತಕ್ಕೆ 1 ಪಾಲು ಸಿಟ್ರೇಟ್, ಈ ಲೆಕ್ಕ ತಪ್ಪಬಾರದು. ಟ್ಯೂಬ್ ಮೇಲಿನ ಗೆರೆ ಇರುವುದು ಅದಕ್ಕೇ. ರಕ್ತ ಗೆರೆ ಮುಟ್ಟದಿದ್ದರೆ ಸಿಟ್ರೇಟ್ ಹೆಚ್ಚಾಗಿ, ಇಲ್ಲದ ತೊಂದರೆ ಇರುವಂತೆ ಅಂಕಿ ಏರಿಬಿಡಬಹುದು. ಚಿಕ್ಕಮ್ಮ ತೋಳಿಗೆ ಹತ್ತಿ ಒತ್ತಿಕೊಂಡೇ "ಗೆರೆ ಮುಟ್ಟಿತಾ ನೋಡಪ್ಪ" ಅಂತ ಕೇಳುತ್ತಾರೆ. ಟ್ಯೂಬ್ ಹಿಡಿದ ಹುಡುಗ ನಗುತ್ತಾನೆ, ಆದರೆ ಎತ್ತಿ ಹಿಡಿದು ತೋರಿಸುತ್ತಾನೆ.

ಆಮೇಲೆ ಟ್ಯೂಬನ್ನು ಯಂತ್ರದಲ್ಲಿ ತಿರುಗಿಸಿ, ಮೇಲೆ ನಿಂತ ಹಳದಿ ಪ್ಲಾಸ್ಮಾವನ್ನು ತೆಗೆದು, ಮೈ ಬಿಸಿಯಷ್ಟು, ಅಂದರೆ 37 ಡಿಗ್ರಿಗೆ ತರುತ್ತಾರೆ. ಅದಕ್ಕೆ ಥ್ರಾಂಬೊಪ್ಲಾಸ್ಟಿನ್ ಮತ್ತು ಕ್ಯಾಲ್ಸಿಯಂ ಹಾಕುತ್ತಾರೆ. ಇದೇ ಹೆಪ್ಪು. ಹಾಕಿದ ಕ್ಷಣದಿಂದ ಕಟ್ಟುವ ಕ್ಷಣದವರೆಗೆ ಎಷ್ಟು ಸೆಕೆಂಡ್ ಅಂತ ಎಣಿಸುತ್ತಾರೆ. ಅದು ಪಿಟಿ, ಪ್ರೋಥ್ರಾಂಬಿನ್ ಟೈಮ್. ಮಾತ್ರೆ ತಿನ್ನದವರಲ್ಲಿ ಸುಮಾರು 11ರಿಂದ 13 ಸೆಕೆಂಡ್. ಅಮೆರಿಕದ ವೈದ್ಯ ಆರ್ಮಂಡ್ ಕ್ವಿಕ್ 1935ರಲ್ಲಿ ಈ ಪರೀಕ್ಷೆಯನ್ನು ರೂಪಿಸಿದರು.

ಬರೀ ಸೆಕೆಂಡ್ ಹೇಳಿದರೆ ಸಾಕಾಗುತ್ತಿರಲಿಲ್ಲವಾ? ಸಾಕಾಗುತ್ತಿರಲಿಲ್ಲ. ಒಂದೇ ಹಾಲನ್ನು ಎರಡು ಮನೆಯಲ್ಲಿ ಹೆಪ್ಪು ಹಾಕಿ ನೋಡಿ. ಒಬ್ಬರ ಮನೆಯ ಹೆಪ್ಪು ಜೋರು, ಬೇಗ ಮೊಸರಾಗುತ್ತದೆ. ಇನ್ನೊಬ್ಬರದು ಬೆಳಗಿನವರೆಗೆ ಬೇಕು. ಹಾಲಿನಲ್ಲಿ ವ್ಯತ್ಯಾಸವಿಲ್ಲ, ವ್ಯತ್ಯಾಸ ಹೆಪ್ಪಿನದು. ಥ್ರಾಂಬೊಪ್ಲಾಸ್ಟಿನ್ ಕಥೆಯೂ ಹೀಗೇ. ಮೊದಲು ಅದನ್ನು ಮೊಲದ ಮಿದುಳಿನಿಂದ ತಯಾರಿಸುತ್ತಿದ್ದರು. ಒಂದು ಕಂಪನಿಯದಕ್ಕೂ ಇನ್ನೊಂದು ಕಂಪನಿಯದಕ್ಕೂ ಜೋರಿನಲ್ಲಿ ಬಹಳ ವ್ಯತ್ಯಾಸ. ಒಂದೂರಿನ ಸೆಕೆಂಡನ್ನು ಇನ್ನೊಂದೂರಿನ ಡಾಕ್ಟರ್ ನಂಬುವಂತಿರಲಿಲ್ಲ.

1983ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೊಂದು ದಾರಿ ತೋರಿಸಿತು. ಪ್ರತಿ ತಯಾರಿಕೆಗೂ ಐಎಸ್ಐ (ಇಂಟರ್‌ನ್ಯಾಷನಲ್ ಸೆನ್ಸಿಟಿವಿಟಿ ಇಂಡೆಕ್ಸ್) ಎಂಬ ಒಂದು ಅಂಕಿ ಕೊಟ್ಟು, ಹೆಪ್ಪಿನ ಗುಣವನ್ನು ಲೆಕ್ಕದಲ್ಲಿ ಸರಿದೂಗಿಸುವುದು. ಲೆಕ್ಕ ಹೀಗೆ: ರೋಗಿಯ ಸೆಕೆಂಡನ್ನು ಆರೋಗ್ಯವಂತರ ಸರಾಸರಿ ಸೆಕೆಂಡಿನಿಂದ ಭಾಗಿಸಿ, ಬಂದ ಉತ್ತರವನ್ನು ಐಎಸ್ಐ ಘಾತಕ್ಕೆ ಏರಿಸಬೇಕು. ಹಾಗೆ ಸಿಕ್ಕಿದ್ದೇ ಐಎನ್‌ಆರ್, ಇಂಟರ್‌ನ್ಯಾಷನಲ್ ನಾರ್ಮಲೈಸ್ಡ್ ರೇಶಿಯೊ. ಒಂದು ಉದಾಹರಣೆ ನೋಡಿ. ಒಂದೇ ರಕ್ತ ಎರಡು ಲ್ಯಾಬ್‌ಗೆ ಹೋಯಿತು ಅನ್ನಿ. ಎರಡರಲ್ಲೂ ಆರೋಗ್ಯವಂತರ ಸರಾಸರಿ 13 ಸೆಕೆಂಡ್. ಮೊದಲ ಲ್ಯಾಬ್‌ನ ಐಎಸ್ಐ 1.0, ಅಲ್ಲಿ 34 ಸೆಕೆಂಡ್ ಬಂತು. ಎರಡನೆಯದರ ಐಎಸ್ಐ 1.4, ಅಲ್ಲಿ ಬಂದದ್ದು 26 ಸೆಕೆಂಡ್. ಸೆಕೆಂಡ್ ನೋಡಿದರೆ ಗಾಬರಿಯಾಗುತ್ತದೆ. ಲೆಕ್ಕ ಹಾಕಿದರೆ ಎರಡೂ ಕಡೆ ಐಎನ್‌ಆರ್ 2.6!

ಹಾಗಾಗಿ ಚೀಟಿಯಲ್ಲಿ ನಾಲ್ಕಾರು ಅಂಕಿ ಇದ್ದರೂ ನೀವು ನೋಡಬೇಕಾದದ್ದು ಐಎನ್‌ಆರ್ ಒಂದನ್ನೇ. ಇಷ್ಟಾದರೂ ಪ್ರತಿ ಸಲ ಒಂದೇ ಲ್ಯಾಬ್‌ಗೆ ಹೋಗುವುದು ಒಳ್ಳೆಯದು, ಸಣ್ಣಪುಟ್ಟ ಏರುಪೇರು ಕಡಿಮೆಯಾಗುತ್ತದೆ. ಬಿಟಿ-ಸಿಟಿ ಅಂತ ಇನ್ನೊಂದು ಹಳೆಯ ಪರೀಕ್ಷೆ ಇದೆ, ಆಪರೇಷನ್‌ಗೆ ಮುಂಚೆ ಬರೆಯುತ್ತಾರೆ. ಅದು ಐಎನ್‌ಆರ್‌ಗೆ ಬದಲಿಯಲ್ಲ. ಈ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಾದ್ದೂ ಇಲ್ಲ. ತಿಂಡಿ ತಿಂದೇ ಹೋಗಿ.

ಯಾರಿಗೆ ಎಷ್ಟಿರಬೇಕು

ಮಾತ್ರೆ ತಿನ್ನದವರ ಐಎನ್‌ಆರ್ 1ರ ಆಸುಪಾಸು. ಚೀಟಿಯ ಪಕ್ಕದಲ್ಲಿ "ನಾರ್ಮಲ್" ಅಂತ ಅಚ್ಚಾಗಿರುವುದು ಅದೇ. ಅದನ್ನು ನೋಡಿ "ಅಯ್ಯೋ, ಎರಡು ಪಟ್ಟು ಬಂದಿದೆ" ಅಂತ ಹೆದರಿ ಮಾತ್ರೆ ನಿಲ್ಲಿಸಿದವರನ್ನು ನಾನೇ ಕಂಡಿದ್ದೇನೆ. ನಿಮಗೆ ಬೇಕಾದದ್ದು ಆ ನಾರ್ಮಲ್ ಅಲ್ಲ. ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದವರಿಗೆ, ಹೃದಯದ ಬಡಿತ ತಾಳ ತಪ್ಪಿದವರಿಗೆ ಸಾಮಾನ್ಯವಾಗಿ 2ರಿಂದ 3. ಲೋಹದ ವಾಲ್ವ್ ಅಯೋರ್ಟಾದ (ಹೃದಯದಿಂದ ರಕ್ತ ಹೊರಡುವ ದೊಡ್ಡ ನಾಳದ) ಬಾಯಲ್ಲಿದ್ದರೆ ಹೆಚ್ಚಿನವರಿಗೆ 2ರಿಂದ 3. ಮೈಟ್ರಲ್ ಜಾಗದಲ್ಲಿದ್ದರೆ 2.5ರಿಂದ 3.5, ಯಾಕೆಂದರೆ ಅಲ್ಲಿ ರಕ್ತ ನಿಧಾನವಾಗಿ ಹರಿಯುತ್ತದೆ, ಹೆಪ್ಪು ಕಟ್ಟುವ ಸಂಭವ ಜಾಸ್ತಿ. ನಿಮ್ಮ ಮಿತಿ ಎಷ್ಟು ಅಂತ ನಿಮ್ಮ ಡಾಕ್ಟರ್ ಕೈಯಲ್ಲಿ, ಅಂಕಿ ಬರೆದಿಡುವ ಪುಸ್ತಕದ ಮೊದಲ ಪುಟದಲ್ಲೇ ಬರೆಸಿಕೊಳ್ಳಿ. ಕೆಳಗಿಳಿದರೆ ವಾಲ್ವ್ ಕಚ್ಚಿಕೊಳ್ಳಬಹುದು, ಪಾರ್ಶ್ವವಾಯು ಆಗಬಹುದು. ತೀರಾ ಮೇಲೇರಿದರೆ ರಕ್ತಸ್ರಾವ.

ಒಂದು ಅಂಕಿ ಸ್ವಲ್ಪ ಆಚೀಚೆಯಾದರೆ ಗಾಬರಿ ಬೇಡ. ಚೀಟಿ ಹೇಳುವುದು ಹಿಂದಿನ ಕೆಲವು ದಿನಗಳ ಕಥೆ. ಇವತ್ತು ಡೋಸ್ ಬದಲಿಸಿದರೆ ಅದರ ಪರಿಣಾಮ ಕಾಣಲು ಎರಡು ಮೂರು ದಿನ ಬೇಕು. ಆ ನಾಲ್ಕು ಪ್ರೋಟೀನುಗಳಲ್ಲಿ 7ನೆಯದು ಸುಮಾರು ಆರು ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ. 2ನೆಯದಕ್ಕೆ ಎರಡೂವರೆ ದಿನಕ್ಕಿಂತ ಜಾಸ್ತಿ ಬೇಕಾಗಬಹುದು. ಮಾತ್ರೆ ಹೊಸದಾಗಿ ಶುರು ಮಾಡಿದಾಗ 7ನೆಯದು ಬೇಗ ಇಳಿದು ಐಎನ್‌ಆರ್ ಏರಿದಂತೆ ಕಾಣುತ್ತದೆ, ಆದರೆ ನಿಜವಾದ ರಕ್ಷಣೆ ಇನ್ನೂ ಬಂದಿರುವುದಿಲ್ಲ. ಆಗಲೇ ಕಟ್ಟಿದ ಹೆಪ್ಪಿಗೆ ಚಿಕಿತ್ಸೆ ಕೊಡುವಾಗ ಕನಿಷ್ಠ ಐದು ದಿನ, ಹೆಪ್ಪನ್ನು ಬೇಗ ತಡೆಯುವ ಹೆಪಾರಿನ್ ಇಂಜೆಕ್ಷನ್ ಕೂಡ ಜೊತೆಗೆ ನಡೆಸುವುದು ಇದೇ ಕಾರಣಕ್ಕೆ. ಆಸ್ಪತ್ರೆಯಲ್ಲಿ ಹೆಪಾರಿನ್ ಡ್ರಿಪ್ ಹಾಕಿದಾಗ ಎಪಿಟಿಟಿ ಎಂಬ ಬೇರೆ ಪರೀಕ್ಷೆ ಮಾಡುತ್ತಾರೆ. ಅದೇ ಜಾತಿಯ, ಚರ್ಮದಡಿ ಚುಚ್ಚುವ ಎನಾಕ್ಸಪಾರಿನ್‌ಗೆ ಸಾಮಾನ್ಯವಾಗಿ ಅದೂ ಬೇಕಾಗುವುದಿಲ್ಲ.

ಶುರುವಿನಲ್ಲಿ ಎರಡು ಮೂರು ದಿನಕ್ಕೊಮ್ಮೆ ಪರೀಕ್ಷೆ, ಆಮೇಲೆ ವಾರಕ್ಕೊಮ್ಮೆ, ಅಂಕಿ ನೆಲೆ ನಿಂತ ಮೇಲೆ ತಿಂಗಳಿಗೊಮ್ಮೆ. ಮಾತ್ರೆಯನ್ನು ಸಂಜೆ ಹೊತ್ತು ತೆಗೆದುಕೊಳ್ಳಲು ಹೇಳುವುದಕ್ಕೂ ಕಾರಣವಿದೆ. ಬೆಳಗ್ಗೆ ರಕ್ತ ಕೊಟ್ಟು, ಮಧ್ಯಾಹ್ನ ಚೀಟಿ ತೋರಿಸಿದರೆ, ಡೋಸ್ ಬದಲಾದದ್ದು ಆ ಸಂಜೆಯಿಂದಲೇ ನಡೆಯುತ್ತದೆ.

ಸೊಪ್ಪು ತಿನ್ನಬಹುದಾ?

ಈ ಪ್ರಶ್ನೆ ಬಂದೇ ಬರುತ್ತದೆ. ಆಪರೇಷನ್ ಆದ ಮೊದಲ ವರ್ಷ ಯಾರೋ "ಸೊಪ್ಪು ಮುಟ್ಟಬೇಡಿ" ಅಂದರು ಅಂತ ಚಿಕ್ಕಮ್ಮ ಸೊಪ್ಪನ್ನೇ ಬಿಟ್ಟಿದ್ದರು. ಬಸ್ಸಾರು, ಮಸ್ಸೊಪ್ಪು ಇಲ್ಲದೆ ಬದುಕಿದವರಲ್ಲ ಅವರು. ಎರಡು ತಿಂಗಳು ತಡೆದುಕೊಂಡು, ಒಂದು ವಾರ ನುಗ್ಗೆ ಸೊಪ್ಪು ಸಿಕ್ಕಿತು ಅಂತ ದಿನವೂ ತಿನ್ನುವುದು. ಅಂಕಿ ಆ ವಾರ 1.7ಕ್ಕೆ ಬಂತು.

ಸೊಪ್ಪಿನಲ್ಲಿ ವಿಟಮಿನ್ ಕೆ ಹೇರಳ. ಜಾಸ್ತಿ ತಿಂದರೆ ಮಾತ್ರೆಯ ಬಲ ಕುಗ್ಗುತ್ತದೆ. ಆದರೆ ಡಾಕ್ಟರ್ ಡೋಸ್ ಲೆಕ್ಕ ಹಾಕುವುದೇ ನೀವು ತಿನ್ನುವ ಊಟಕ್ಕೆ ತಕ್ಕಂತೆ. ವಾರಕ್ಕೆ ಮೂರು ದಿನ ಸೊಪ್ಪಿನ ಸಾರು ಮಾಡುವ ಮನೆಯಾದರೆ ಪ್ರತಿ ವಾರವೂ ಮೂರು ದಿನ ಮಾಡಿ. ಒಮ್ಮೆಲೇ ಬಿಡುವುದೂ ಬೇಡ, ಒಮ್ಮೆಲೇ ಶುರು ಮಾಡುವುದೂ ಬೇಡ. ಡಾಕ್ಟರ್ ಇದನ್ನು ಬಿಡಿಸಿ ಹೇಳಿದ ದಿನ ಚಿಕ್ಕಮ್ಮ ಮನೆಗೆ ಬರುವ ದಾರಿಯಲ್ಲೇ ಎರಡು ಕಟ್ಟು ದಂಟಿನ ಸೊಪ್ಪು ತಂದರು.

ಅಡುಗೆಯ ಅರಿಶಿನ, ಬೆಳ್ಳುಳ್ಳಿ, ಶುಂಠಿಗೆ ಹೆದರಬೇಕಿಲ್ಲ. ಅವುಗಳ ಸಾರ ತುಂಬಿದ ಕ್ಯಾಪ್ಸೂಲ್, ಹೆಸರಿಲ್ಲದ ಪುಡಿ, ದಿನವೂ ಕುಡಿಯುವ ಹೊಸ ಕಷಾಯ, ಇವುಗಳನ್ನು ಕೇಳದೆ ಶುರು ಮಾಡಬೇಡಿ. ಜ್ವರ, ಭೇದಿ ಬಂದು ಊಟ ಬಿಟ್ಟಾಗ, ಸಾಲು ಸಾಲು ಉಪವಾಸ ಮಾಡಿದಾಗ ಐಎನ್‌ಆರ್ ಏರುವುದುಂಟು.

ಸೊಪ್ಪಿಗಿಂತ ನನಗೆ ಹೆಚ್ಚು ಭಯವಿರುವುದು ಬೇರೆ ಮಾತ್ರೆಗಳದು. ಎರಡು ವರ್ಷದ ಹಿಂದೆ ಒಂದು ಮದುವೆ ಊಟದ ನಂತರ ಚಿಕ್ಕಮ್ಮನಿಗೆ ಭೇದಿಯಾಯಿತು. ಹತ್ತಿರದ ಕ್ಲಿನಿಕ್‌ನಲ್ಲಿ ಮೆಟ್ರೊನಿಡಜೋಲ್ ಕೊಟ್ಟರು. ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಐದನೇ ದಿನ ಹಲ್ಲುಜ್ಜುವಾಗ ಬಾಯಿ ತುಂಬ ಕೆಂಪು. ತೋಳಿನ ಮೇಲೆ ಅಂಗೈ ಅಗಲ ನೀಲಿ ಕಲೆ, ಎಲ್ಲೂ ತಾಗಿಸಿಕೊಂಡಿರಲಿಲ್ಲ. ಅವತ್ತೇ ಲ್ಯಾಬ್‌ಗೆ ಓಡಿದೆವು. 7.4. ಹೃದಯದ ಡಾಕ್ಟರ್ ಎರಡು ದಿನ ಮಾತ್ರೆ ನಿಲ್ಲಿಸಿ, ದಿನವೂ ಪರೀಕ್ಷೆ ಮಾಡಿಸಿ, ನಿಧಾನವಾಗಿ ಇಳಿಸಿದರು. ವಿಟಮಿನ್ ಕೆ ಕೊಟ್ಟು ಒಮ್ಮೆಲೇ ಇಳಿಸಬಹುದಿತ್ತು, ಆದರೆ ಲೋಹದ ವಾಲ್ವ್ ಇದ್ದವರಲ್ಲಿ ತೀರಾ ಕೆಳಗಿಳಿದರೆ ಅದೂ ಅಪಾಯ. ಕ್ಯಾಲೆಂಡರ್‌ನಲ್ಲಿ ಆ ಅಂಕಿಗೆ ಚಿಕ್ಕಮ್ಮ ಎರಡು ಸುತ್ತು ಹಾಕಿದ್ದಾರೆ.

ಮೆಟ್ರೊನಿಡಜೋಲ್, ಕೋ-ಟ್ರೈಮಾಕ್ಸಜೋಲ್, ಫಂಗಸ್‌ಗೆ ಕೊಡುವ ಫ್ಲುಕೊನಜೋಲ್ ಐಎನ್‌ಆರ್ ಏರಿಸುತ್ತವೆ. ಟಿಬಿಯ ರಿಫಾಂಪಿಸಿನ್, ಫಿಟ್ಸ್‌ನ ಕಾರ್ಬಮಜೆಪಿನ್ ಇಳಿಸುತ್ತವೆ. ಟಿಬಿ ಔಷಧಿ ಮುಗಿದು ನಿಲ್ಲಿಸಿದಾಗ ಉಲ್ಟಾ ಏರುತ್ತದೆ, ಆಗಲೂ ಬೇಗ ಬೇಗ ಪರೀಕ್ಷೆ ಬೇಕು. ಮಂಡಿನೋವಿಗೆ ತಿನ್ನುವ ಡೈಕ್ಲೊಫಿನಾಕ್, ಐಬುಪ್ರೊಫೆನ್ ಇನ್ನೊಂದು ಥರ ಮೋಸ ಮಾಡುತ್ತವೆ. ಐಎನ್‌ಆರ್ ಸರಿಯಾಗಿಯೇ ಇರಬಹುದು, ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಸೋರುತ್ತಿರುತ್ತದೆ. ನೋವಿಗೆ ಪ್ಯಾರಾಸಿಟಮಾಲ್ ವಾಸಿ. ಅದನ್ನೂ ಪೂರ್ತಿ ಡೋಸ್‌ನಲ್ಲಿ ದಿನಗಟ್ಟಲೆ ತಿಂದರೆ ಅಂಕಿ ಏರಬಹುದು, ಡಾಕ್ಟರಿಗೆ ಹೇಳಿ. ಕೆಮ್ಮಿಗೆ ಹೋಗಿ, ಹಲ್ಲಿಗೆ ಹೋಗಿ, ಚರ್ಮಕ್ಕೆ ಹೋಗಿ, ಯಾವ ಡಾಕ್ಟರ್ ಹತ್ತಿರ ಹೋದರೂ ಮೊದಲ ಮಾತು ಇದೇ ಆಗಲಿ: "ನಾನು ಅಸಿಟ್ರಾಮ್ ತಗೊಳ್ತಿದ್ದೀನಿ."

ಮೆಡಿಕಲ್ ಶಾಪ್‌ನಲ್ಲೂ ಒಂದು ಎಚ್ಚರ ಬೇಕು. ಈ ಮಾತ್ರೆ 1, 2, 3, 4 ಮಿಲಿಗ್ರಾಂಗಳಲ್ಲಿ ಬರುತ್ತದೆ. 2ರ ಬದಲು 4 ಕೈಗೆ ಬಂದರೆ ಡೋಸ್ ನೇರ ಎರಡು ಪಟ್ಟು. ಪ್ರತಿ ಸಲ ಸ್ಟ್ರಿಪ್ ಮೇಲಿನ ಅಂಕಿ ಓದಿ. ಓದಲು ಬಾರದ ಹಿರಿಯರಿದ್ದರೆ ಹಳೆಯ ಸ್ಟ್ರಿಪ್ ಪಕ್ಕಕ್ಕೆ ಹಿಡಿದು ನೋಡಿ.

ಒಂದು ಹೊತ್ತು ಮರೆತರೆ ಅದೇ ರಾತ್ರಿ ನೆನಪಾದಾಗ ತೆಗೆದುಕೊಳ್ಳಿ. ಮರುದಿನ ನೆನಪಾದರೆ ಬಿಟ್ಟುಬಿಡಿ, ಆ ದಿನದ್ದು ಮಾತ್ರ ಸಾಕು. ಎರಡು ಸೇರಿಸಿ ನುಂಗಬೇಡಿ. ಮರೆತದ್ದನ್ನು ಪುಸ್ತಕದಲ್ಲಿ ಬರೆದಿಡಿ. ಬರೆಯದಿದ್ದರೆ, ಅಂಕಿ ಕಡಿಮೆ ಬಂದಾಗ ಡಾಕ್ಟರ್ ಸುಮ್ನೆ ಡೋಸ್ ಏರಿಸುವಂತಾಗುತ್ತದೆ.

ಪರೀಕ್ಷೆಯೇ ಬೇಡದ ಹೊಸ ಮಾತ್ರೆಗಳು ಬಂದಿವೆಯಲ್ಲ, ಅಂತ ಕೇಳಬಹುದು. ಬಂದಿವೆ. ಡಾಬಿಗಾಟ್ರಾನ್, ರಿವರೋಕ್ಸಬಾನ್, ಎಪಿಕ್ಸಬಾನ್. ಕಾಲಿನ ಹೆಪ್ಪಿಗೆ, ವಾಲ್ವ್ ತೊಂದರೆ ಇಲ್ಲದೆ ಬಡಿತ ತಾಳ ತಪ್ಪಿದವರಿಗೆ ಅವು ನಿಜಕ್ಕೂ ಅನುಕೂಲ. ಅವುಗಳಿಗೆ ಐಎನ್‌ಆರ್ ಬೇಡ, ಆದರೆ ಕಿಡ್ನಿ ಪರೀಕ್ಷೆ ಆಗಾಗ ಬೇಕು. ಲೋಹದ ವಾಲ್ವ್ ಇದ್ದವರಿಗೆ ಅವು ಆಗುವುದಿಲ್ಲ. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂಥವರಿಗೆ ಡಾಬಿಗಾಟ್ರಾನ್ ಕೊಟ್ಟು ನೋಡಿದಾಗ ಹೆಪ್ಪೂ ಜಾಸ್ತಿ, ರಕ್ತಸ್ರಾವವೂ ಜಾಸ್ತಿ ಆಗಿತ್ತು. ಚಿಕ್ಕಂದಿನಲ್ಲಿ ಗಂಟಲು ನೋವು, ಕೀಲು ನೋವಿನ ಜ್ವರ ಬಂದು ವಾಲ್ವ್ ಹಾಳಾದವರು ನಮ್ಮ ದೇಶದಲ್ಲಿ ಬಹಳ. ಅಂಥವರಲ್ಲಿ ಬಡಿತ ತಾಳ ತಪ್ಪಿದ 4,500ಕ್ಕೂ ಹೆಚ್ಚು ಮಂದಿಯ ಮೇಲೆ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದಲ್ಲಿ ನಡೆದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ರಿವರೋಕ್ಸಬಾನ್‌ಗಿಂತ ಹಳೆಯ ಮಾತ್ರೆ ತಿಂದವರಲ್ಲೇ ಸಾವು ಕಡಿಮೆ. "ಪಕ್ಕದ ಮನೆಯವರಿಗೆ ಪರೀಕ್ಷೆ ಇಲ್ಲದ ಮಾತ್ರೆ ಕೊಟ್ಟಿದ್ದಾರೆ" ಅಂತ ನೀವಾಗಿ ಬದಲಿಸಬೇಡಿ.

ಲ್ಯಾಬ್‌ನ ಸರದಿಯಲ್ಲಿ ಇಪ್ಪತ್ತೈದರ ಹೆಣ್ಣುಮಕ್ಕಳನ್ನೂ ನೋಡುತ್ತೇನೆ. ಅವರಿಗೆ ಇದನ್ನು ಒತ್ತಿ ಹೇಳಬೇಕು. ವಾರ್ಫರಿನ್, ಅಸೆನೊಕೌಮರಾಲ್ ಹೊಟ್ಟೆಯೊಳಗಿನ ಮಗುವನ್ನು ತಲುಪುತ್ತವೆ. 6ರಿಂದ 12ನೇ ವಾರದಲ್ಲಿ ಮಗುವಿನ ಮೂಳೆ, ಮೂಗಿನ ಬೆಳವಣಿಗೆಗೆ ಪೆಟ್ಟು ಬೀಳಬಹುದು. ಹೆಪಾರಿನ್ ಮಗುವನ್ನು ತಲುಪುವುದಿಲ್ಲ. ಮಗು ಬೇಕು ಅನ್ನಿಸಿದಾಗಲೇ, ಗರ್ಭ ನಿಲ್ಲುವ ಮೊದಲೇ ಹೃದಯದ ಡಾಕ್ಟರ್ ಹತ್ತಿರ ಮಾತಾಡಿ. ಮುಟ್ಟು ತಪ್ಪಿದರೆ ಅವತ್ತೇ ಹೋಗಿ. ಹೆದರಿ ನೀವಾಗಿ ಮಾತ್ರೆ ಬಿಟ್ಟರೆ ತಾಯಿಯ ಜೀವಕ್ಕೇ ಅಪಾಯ.

ಹಲ್ಲು ಕೀಳಿಸಬೇಕಾದರೂ ಹಾಗೆಯೇ, ಮಾತ್ರೆ ನಿಲ್ಲಿಸುವುದು ನಿಮ್ಮ ನಿರ್ಧಾರವಲ್ಲ. ಎಷ್ಟೋ ಸಲ ಐಎನ್‌ಆರ್ ನೋಡಿಕೊಂಡು, ನಿಲ್ಲಿಸದೆಯೇ ಹಲ್ಲು ತೆಗೆಯುತ್ತಾರೆ. ಸೊಂಟಕ್ಕೆ, ತೋಳಿನ ಮಾಂಸಕ್ಕೆ ಇಂಜೆಕ್ಷನ್ ಚುಚ್ಚುವ ಮೊದಲು ಹೇಳಿ. ಕಪ್ಪು ಡಾಂಬರಿನಂಥ ಮಲ, ಕೆಂಪು ಮೂತ್ರ, ಹತ್ತು ನಿಮಿಷ ಒತ್ತಿ ಹಿಡಿದರೂ ನಿಲ್ಲದ ಮೂಗಿನ ರಕ್ತ, ಹಿಂದೆಂದೂ ಬಾರದಂಥ ತಲೆನೋವು, ಬಾಯಿ ಸೊಟ್ಟಗಾಗುವುದು, ಕೈಕಾಲು ಬಿದ್ದುಹೋಗುವುದು, ಇವಕ್ಕೆ ಚೀಟಿಗಾಗಿ ಕಾಯಬೇಡಿ, ನೇರ ಆಸ್ಪತ್ರೆಗೆ. ವಾಲ್ವ್‌ನ ಟಿಕ್ ಟಿಕ್ ಮಂಕಾದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೂ ಅಷ್ಟೇ. ಬಚ್ಚಲಲ್ಲಿ ಜಾರಿ ತಲೆಗೆ ಪೆಟ್ಟಾದರೆ, ಮೇಲೆ ಗಾಯ ಕಾಣದಿದ್ದರೂ, "ಏನಿಲ್ಲ ಬಿಡು" ಅಂತ ಅವರೇ ಅಂದರೂ, ಕರೆದುಕೊಂಡು ಹೋಗಿ.

ಚಿಕ್ಕಮ್ಮನ ಪರ್ಸಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಒಂದು ಚೀಟಿ ಇದೆ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದದ್ದು: ಮೈಟ್ರಲ್ ಲೋಹದ ವಾಲ್ವ್, ಅಸೆನೊಕೌಮರಾಲ್, ಐಎನ್‌ಆರ್ 2.5ರಿಂದ 3.5, ಮನೆಯ ಎರಡು ಫೋನ್ ನಂಬರ್. ಬಸ್ಸು ಹತ್ತುವ ಮುಂಚೆ ಅದು ಇದೆಯಾ ಅಂತ ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತಾರೆ.